ಗೌರವ ಪ್ರತಿಗಳ ಸಂಚಾರ ಮತ್ತು ಗ್ರಾಮೀಣ ಓದು

ಕನ್ನಡದಲ್ಲಿ ಪುಸ್ತಕವೊಂದು ಅಚ್ಚಾದ ಕೂಡಲೇ ಅದರ ಕೆಲವು ಪ್ರತಿಗಳು ಮಾರಾಟದ ದಾರಿಯನ್ನು ಬಿಟ್ಟು ಬೇರೆ ದಾರಿ ಹಿಡಿಯುತ್ತವೆ. 1954ರ ಪುಸ್ತಕ ಸಲ್ಲಿಕೆ ಕಾಯ್ದೆಯಂತೆ ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೂ ನಿಗದಿತವಾದ ಇತರ ಗ್ರಂಥಾಲಯಗಳಿಗೂ ಸಲ್ಲುವ ಪ್ರತಿಗಳ ಗತಿ ಸ್ಪಷ್ಟವಾಗಿದೆ. ಆದರೆ ಪತ್ರಿಕೆಗಳಿಗೆ ವಿಮರ್ಶೆಗಾಗಿ, ಪ್ರಶಸ್ತಿಯ ತೀರ್ಪುಗಾರರಿಗೆ ಪರಿಶೀಲನೆಗಾಗಿ ಹೋದ ಪ್ರತಿಗಳು ಆ ಕೆಲಸ ಮುಗಿದ ಮೇಲೆ ಎಲ್ಲಿಗೆ ಸೇರಬೇಕೆಂಬುದನ್ನು ಯಾವ ಕಾಯ್ದೆಯೂ ಹೇಳುವುದಿಲ್ಲ.

1961ರಲ್ಲಿ ಸ್ಥಾಪನೆಗೊಂಡ ಕರ್ನಾಟಕ ಸಾಹಿತ್ಯ ಅಕಾಡೆಮಿಯೂ ಹಲವು ದತ್ತಿನಿಧಿಗಳೂ ಪ್ರಕಾರವಾರು ಬಹುಮಾನ ನೀಡುತ್ತ ಬಂದಿವೆ. ಹೀಗಾಗಿ ಒಬ್ಬ ತೀರ್ಪುಗಾರನ ಮನೆಗೆ ಒಂದು ವರ್ಷದ ಕಾವ್ಯವೋ ಕಥಾಸಂಕಲನವೋ ಒಟ್ಟಾಗಿ ಬಂದು ಬೀಳುತ್ತದೆ. ಪತ್ರಿಕೆಗಳಲ್ಲಿಯೂ ಬಂದುದೆಲ್ಲ ವಿಮರ್ಶೆಗೆ ಒಳಗಾಗದು. ಬಹುಪಾಲು ‘ಸಾದರ ಸ್ವೀಕಾರ’ದ ಪಟ್ಟಿಯಲ್ಲಿ ಹೆಸರಾಗಿ ಉಳಿಯುತ್ತದೆ. ಅನಂತರ ಈ ಪ್ರತಿಗಳಿಗೆ ನಾಲ್ಕು ದಾರಿಗಳಿವೆ: ಮನೆಯ ಕಪಾಟು, ಆಪ್ತರ ಅಥವಾ ವಿದ್ಯಾರ್ಥಿಗಳ ಕೈ, ಹಳೆಯ ಪುಸ್ತಕದ ಅಂಗಡಿ, ಕೊನೆಗೆ ರದ್ದಿಯವನ ತಕ್ಕಡಿ. ಲೇಖಕನ ಹಸ್ತಾಕ್ಷರವಿರುವ ಪ್ರತಿಯನ್ನು ರದ್ದಿಗೆ ಹಾಕುವಾಗ ಆ ಹಾಳೆಯನ್ನು ಹರಿದು ತೆಗೆಯುವವರೂ ಉಂಟು. ಕೊಟ್ಟವನಿಗೂ ಪಡೆದವನಿಗೂ ನಡುವೆ ಒಂದು ಋಣವಿತ್ತೆಂಬುದನ್ನು ಆ ಹರಿದ ಅಂಚೇ ಹೇಳುತ್ತದೆ.

ಈ ಋಣದ ಸ್ವರೂಪವನ್ನು ಜನಪದರ ಕೊಡುಕೊಳ್ಳುವಿಕೆಯ ಬೆಳಕಿನಲ್ಲಿ ನೋಡುವುದು ಉಪಯುಕ್ತ. ಉತ್ತರ ಕರ್ನಾಟಕದಲ್ಲಿ ಉಡಿ ತುಂಬುವಾಗ ಕೊಡುವ ಕುಪ್ಪಸದ ಖಣ ಅನೇಕ ಸಲ ಹೊಲಿಸಲ್ಪಡದೆ, ಮತ್ತೊಂದು ಮನೆಯ ಉಡಿಗೆ ಸಾಗುತ್ತದೆ. ಅದನ್ನು ಮುಂದಕ್ಕೆ ಕೊಟ್ಟರೆ ಅವಮಾನವೆಂದು ಯಾರೂ ಭಾವಿಸುವುದಿಲ್ಲ. ಮಾರಿದರೆ ಮಾತ್ರ ಮರ್ಯಾದೆ ತಪ್ಪಿದಂತೆ. ಗೌರವ ಪ್ರತಿಗೂ ಇದೇ ನ್ಯಾಯ ಸಲ್ಲುತ್ತದೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಯ ಶಾಸ್ತ್ರದಾನವೂ ಪುಸ್ತಕ ಕೈಯಿಂದ ಕೈಗೆ ಚಲಿಸುತ್ತಿರಬೇಕೆಂಬ ತಿಳಿವಳಿಕೆಯಿಂದಲೇ ಹುಟ್ಟಿದ್ದು.

ಧಾರವಾಡ ಜಿಲ್ಲೆಯಲ್ಲಿ ಈ ಪ್ರಶ್ನೆಗೆ ವಿಶೇಷ ಅರ್ಥವಿದೆ. 1890ರ ಕರ್ನಾಟಕ ವಿದ್ಯಾವರ್ಧಕ ಸಂಘ, 1933ರ ಮನೋಹರ ಗ್ರಂಥಮಾಲೆ ಇವುಗಳಿಂದ ಧಾರವಾಡ ನಗರ ಪುಸ್ತಕಗಳ ಊರಾಯಿತು. ಬರೆಯುವವರೂ ವಿಮರ್ಶಕರೂ ಅಲ್ಲಿಯೇ ನೆರೆದರು. ಅದೇ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿರುವ, ಇತ್ತೀಚೆಗೆ ತಾಲ್ಲೂಕು ಕೇಂದ್ರವಾದ ಅಳ್ನಾವರದ ಪಾಡು ಬೇರೆ. ದಾಂಡೇಲಿಯ ಕಡೆಗೆ ರೈಲುಮಾರ್ಗ ಕವಲೊಡೆಯುವುದು ಇಲ್ಲಿಯೇ. ಆ ದಾಂಡೇಲಿಯಲ್ಲಿ 1955ರಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಸ್ಥಾಪನೆಯಾಯಿತು. ಕಾಗದ ತಯಾರಾಗುವ ಊರಿಗೆ ಇಷ್ಟು ಹತ್ತಿರವಿದ್ದೂ ಅಚ್ಚಾದ ಹೊಸ ಪುಸ್ತಕಕ್ಕೆ ಇಂಥ ಊರುಗಳು ದೂರವೇ. ನಗರದ ಕಪಾಟಿನಲ್ಲಿ ಹೆಚ್ಚಾದದ್ದು ಸುತ್ತಲಿನ ಹಳ್ಳಿಗಳಲ್ಲಿ ಕೊರತೆಯಾಗಿದೆ.

ರಾಜ್ಯದ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಹಸ್ತಾಂತರಗೊಂಡವು. ತರುವಾಯ ಹಲವೆಡೆ ‘ಪುಸ್ತಕ ಜೋಳಿಗೆ’ಯ ಹೆಸರಿನಲ್ಲಿ ದಾನದ ಪುಸ್ತಕಗಳ ಸಂಗ್ರಹ ನಡೆಯಿತು. ಜಂಗಮನ ಜೋಳಿಗೆಯ ಕಲ್ಪನೆ ಇಲ್ಲಿ ಸಾರ್ಥಕವಾಗಿ ಬಳಕೆಗೊಂಡಿದೆ: ಜೋಳಿಗೆಗೆ ಬಿದ್ದದ್ದು ಒಬ್ಬನದಾಗಿ ಉಳಿಯುವುದಿಲ್ಲ. ಆದರೆ ಜೋಳಿಗೆಗೆ ಹಾಕುವವನಿಗೂ ವಿವೇಚನೆ ಬೇಕು. ಮಕ್ಕಳು ಬರುವ ಗ್ರಂಥಾಲಯಕ್ಕೆ ಒಂದೇ ಕವನಸಂಕಲನದ ಮೂರು ಪ್ರತಿಗಳನ್ನು ಸಾಗಿಸುವುದು ದಾನವಲ್ಲ, ಭಾರ ಇಳಿಸಿಕೊಳ್ಳುವುದು. ಬಂದ ಪುಸ್ತಕ ದಾಖಲೆ ಪುಸ್ತಕಕ್ಕೆ ಏರದಿದ್ದರೆ ಗ್ರಂಥಾಲಯದ ಮೂಲೆಯೂ ಇನ್ನೊಂದು ರದ್ದಿಯ ಗಂಟೇ.

ಸಂಶೋಧನೆಯ ದೃಷ್ಟಿಯಿಂದ ಇನ್ನೊಂದು ಮಾತು ಮುಖ್ಯ. ಒಂದು ಸೀಮೆಯ ಹಂತಿ ಪದ, ಸೋಬಾನೆ, ಬಯಲಾಟಗಳ ಸಂಗ್ರಹಗಳು ಅನೇಕವೇಳೆ ಸಂಗ್ರಾಹಕರ ಸ್ವಂತ ಖರ್ಚಿನಲ್ಲಿ, ಕಡಿಮೆ ಪ್ರತಿಗಳಲ್ಲಿ ಅಚ್ಚಾಗುತ್ತವೆ, ಮರುಮುದ್ರಣ ಅಪರೂಪ. ಹಾಡಿದವರು ಗತಿಸಿದ ಮೇಲೆ ಆ ಹಾಡಿಗೆ ಪುಸ್ತಕವೊಂದೇ ಆಧಾರ. ಬಹುಮಾನ ಬಾರದ ಅಂಥ ಪ್ರತಿ ತಕ್ಕಡಿಗೆ ಹೋದರೆ ಹಾಡು ಎರಡನೆಯ ಸಲ ಸತ್ತಂತೆ. ಆದ್ದರಿಂದ ಪ್ರಶಸ್ತಿ ನೀಡುವ ಸಂಸ್ಥೆಗಳು ತೀರ್ಪಿನ ತರುವಾಯ ಪ್ರತಿಗಳನ್ನು ಮರಳಿ ಪಡೆದು, ಪಟ್ಟಿ ಮಾಡಿ, ಆಯಾ ಸೀಮೆಯ ಗ್ರಂಥಾಲಯಕ್ಕೆ ತಲುಪಿಸುವುದು ಉಚಿತ. ಇದಕ್ಕೆ ಹೆಚ್ಚಿನ ಅನುದಾನ ಬೇಕಿಲ್ಲ. ಪುಸ್ತಕ ಯಾರ ಹಾಡನ್ನು ಹೊತ್ತು ಬಂದಿದೆಯೋ ಅವರ ಊರಿಗೆ ಅದು ಸಲ್ಲಬೇಕೆಂಬ ಸಂಕಲ್ಪ ಸಾಕು.