ಮಲ್ಲಿಗೆಗೆ ನೀರು ನಿಲ್ಲಿಸುವ ಪಾಠ

ಬೋಧನಾಭ್ಯಾಸದ ಎರಡನೆಯ ವಾರ, ಡಿಸೆಂಬರ್ ಮೊದಲ ಭಾಗ. ಸಾವನದುರ್ಗದ ತಪ್ಪಲಿನ ಒಂದು ಶಾಲೆಯಲ್ಲಿ ಐದನೆಯ ತರಗತಿಗೆ ಪರಿಸರ ಅಧ್ಯಯನ ಪಾಠ ಮಾಡುತ್ತಿದ್ದೆ. ಕಲಿಕಾಂಶ, ಗಿಡಗಳ ಅವಶ್ಯಕತೆಗಳು. ‘ಗಿಡ ಚೆನ್ನಾಗಿ ಹೂ ಬಿಡಬೇಕಾದರೆ ನಾವು ಏನು ಮಾಡಬೇಕು?’ ಎಂದು ಕೇಳಿದೆ. ಪಾಠಯೋಜನೆಯ ‘ನಿರೀಕ್ಷಿತ ಉತ್ತರ’ದ ಅಂಕಣದಲ್ಲಿ ‘ದಿನವೂ ನೀರು ಹಾಕಬೇಕು’ ಎಂದು ಬರೆದುಕೊಂಡಿದ್ದೆ. ಹಿಂದಿನ ಸಾಲಿನ ಒಬ್ಬ ಹುಡುಗಿ ಎದ್ದು, ‘ನಮ್ಮಮ್ಮ ಮಲ್ಲಿಗೆಗೆ ನೀರು ನಿಲ್ಲಿಸ್ತಾರೆ ಸಾರ್, ಆಮೇಲೆ ಜಾಸ್ತಿ ಹೂ ಬಿಡ್ತದೆ’ ಎಂದಳು. ‘ತಪ್ಪು, ಕೂತ್ಕೋ’ ಎಂದು ಪಕ್ಕದವನನ್ನು ಕೇಳಿದೆ. ಆ ವಾರ ಪೂರ್ತಿ ಅವಳು ಕೈ ಎತ್ತಲಿಲ್ಲ.

ಪಾಠ ವೀಕ್ಷಿಸಿದ ಮಾರ್ಗದರ್ಶಕ ಉಪನ್ಯಾಸಕರು ಹಿಮ್ಮಾಹಿತಿ ಕೊಡುವಾಗ ಕೇಳಿದ್ದು ಒಂದೇ ಪ್ರಶ್ನೆ: ‘ಆ ಮಗುವಿಗೆ ಯಾಕೆ ಎಂದು ಕೇಳಿದ್ದರೆ ಏನಾಗುತ್ತಿತ್ತು?’ ನನ್ನಲ್ಲಿ ಉತ್ತರವಿರಲಿಲ್ಲ. ಶನಿವಾರ ಶಾಲೆ ಬಿಟ್ಟ ಮೇಲೆ ಅವಳ ಮನೆಗೆ ಹೋದೆ. ಹಿತ್ತಲಲ್ಲಿ ಮೊಣಕಾಲೆತ್ತರದ ಒಂದು ಬೋಳು ಪೊದೆ. ಅದೇ ಅವರ ದುಂಡು ಮಲ್ಲಿಗೆ. ಕಾರ್ತಿಕದ ಕೊನೆಗೆ ನೀರು ನಿಲ್ಲಿಸಿ, ಕೊಂಬೆ ಕತ್ತರಿಸಿ, ಉಳಿದ ಎಲೆಗಳನ್ನೂ ಕಿತ್ತು, ಬುಡ ಕೆದಕಿ ಕೊಟ್ಟಿಗೆ ಗೊಬ್ಬರ ಹಾಕಿದ್ದೇನೆ, ಈಗ ಮತ್ತೆ ನೀರು ಶುರು ಮಾಡಿದ್ದೇನೆ ಎಂದು ತಾಯಿ ವಿವರಿಸಿದರು.

ಇದು ಆ ಮನೆಯವರದಷ್ಟೇ ರೂಢಿಯಲ್ಲ. ದುಂಡು ಮಲ್ಲಿಗೆಯನ್ನು ನವೆಂಬರ್ ಕೊನೆಯ ಹೊತ್ತಿಗೆ ನೆಲದಿಂದ ಸುಮಾರು 45ರಿಂದ 50 ಸೆಂ.ಮೀ. ಎತ್ತರಕ್ಕೆ ಸವರುವುದು, ಅದಕ್ಕೆ ಮೊದಲು ನೀರು ತಡೆಯುವುದು ಹೂ ಬೆಳೆಗಾರರ ಪದ್ಧತಿ. ಹೂವು ಮಾರ್ಚ್ ವೇಳೆಗೆ ಶುರುವಾಗುತ್ತದೆ.

ಇದರ ಹಿಂದಿನ ವಿಜ್ಞಾನ ಐದನೆಯ ತರಗತಿಯ ಮಕ್ಕಳಿಗೂ ಅರ್ಥವಾಗುವಂಥದು. ದುಂಡು ಮಲ್ಲಿಗೆಯ ಮೊಗ್ಗು ಬರುವುದು ಹೊಸ ಚಿಗುರಿನ ತುದಿಯಲ್ಲಿ. ಹೊಸ ಚಿಗುರು ಹೆಚ್ಚಿದಷ್ಟೂ ಮೊಗ್ಗು ಹೆಚ್ಚು. ನೀರು ನಿಂತಾಗ ಗಿಡ ಬೆಳವಣಿಗೆಯನ್ನು ತಡೆದು ವಿಶ್ರಾಂತಿಗೆ ಸರಿಯುತ್ತದೆ. ಅದು ಮಾಡಿಕೊಂಡ ಆಹಾರ ಬೇರು, ಕಾಂಡಗಳಲ್ಲಿ ಉಳಿದಿರುತ್ತದೆ. ಕೊಂಬೆಯ ತುದಿಯನ್ನು ಕತ್ತರಿಸಿದಾಗ, ಅದುವರೆಗೆ ತುದಿಯ ಹಿಡಿತದಲ್ಲಿ ಸುಮ್ಮನಿದ್ದ ಪಕ್ಕದ ಕಣ್ಣುಗಳು ಒಡೆಯಲು ಸಿದ್ಧವಾಗುತ್ತವೆ. ಆಗ ಗೊಬ್ಬರ, ನೀರು ಸಿಕ್ಕರೆ ಒಂದು ಕೊಂಬೆಯಿದ್ದ ಕಡೆ ಹಲವು ಚಿಗುರು. ಅಂದರೆ ಹುಡುಗಿಯ ಉತ್ತರ ತಪ್ಪಲ್ಲ, ಅರ್ಧ ಹೇಳಿದ ಸರಿ. ನೀರು ನಿಲ್ಲಿಸುವುದು ಒಂದು ಹಂತ, ಮತ್ತೆ ಕೊಡುವುದು ಇನ್ನೊಂದು. ನನ್ನ ನಿರೀಕ್ಷಿತ ಉತ್ತರವೂ ಅಷ್ಟೇ ಅರ್ಧದ್ದು.

ಸಾವನದುರ್ಗದ ಸುತ್ತಲಿನ ಕುರುಚಲು ಕಾಡಿನಲ್ಲಿ ನೀರು ನಿಲ್ಲಿಸುವ ಕೆಲಸವನ್ನು ಋತುಮಾನವೇ ಮಾಡುತ್ತದೆ. 1226 ಮೀಟರ್ ಎತ್ತರದ ಈ ಬೆಟ್ಟ ಬಹುಪಾಲು ಬರೀ ಬಂಡೆ. ಬಿದ್ದ ಮಳೆ ಜಾರಿ ಹೋಗುತ್ತದೆ. ಜನವರಿ, ಫೆಬ್ರವರಿಯಲ್ಲಿ ಮಳೆಯೇ ಅಪರೂಪ. ಆದರೂ ಬಿಸಿಲು ಏರುವಾಗ ಕವಳೆ ಪೊದೆಯಲ್ಲಿ ಬಿಳಿ ಹೂಗೊಂಚಲು ಕಾಣಿಸುತ್ತದೆ. ಆಗ ಹೂ ಬಿಟ್ಟರೆ ಮಳೆಗಾಲದ ಆಸುಪಾಸಿಗೆ ಹಣ್ಣು, ಬೀಜ ಬೀಳುವ ಹೊತ್ತಿಗೆ ನೆಲದಲ್ಲಿ ತೇವ. ಶೀತ ದೇಶಗಳಲ್ಲಿ ಹಿಮ ಕರಗಿ ನೆಲ ಒದ್ದೆಯಾದಾಗ ವಸಂತ ಬರುತ್ತದೆ. ನಮ್ಮ ಬಯಲುಸೀಮೆಯ ವಸಂತ ಬರುವುದು ಒಣಗಿದ ನೆಲದ ಮೇಲೆ. ವಸಂತದ ಪಾಠ ಮಾಡುವಾಗ ಈ ವ್ಯತ್ಯಾಸ ನೆನಪಿರಬೇಕು.

ಹಾಗೆಂದು ‘ನೀರು ಕಡಿಮೆಯಾದರೆ ಹೂ ಹೆಚ್ಚು’ ಎಂಬುದನ್ನೇ ಹೊಸ ಸೂತ್ರವಾಗಿ ಕಲಿಸಿದರೆ ಅದೂ ತಪ್ಪು. ಹಿತ್ತಲಿನ ದಾಸವಾಳ ನೀರು ಸಿಕ್ಕಷ್ಟು ಕಾಲ ವರ್ಷವಿಡೀ ಹೂ ಕೊಡುತ್ತದೆ, ನೀರು ತಪ್ಪಿದರೆ ಮೊಗ್ಗು ಉದುರಿಸುತ್ತದೆ. ಬೇಲಿಯ ಕಾಗದದ ಹೂವಿನ ಗಿಡಕ್ಕೆ ನೀರು ಹೆಚ್ಚಾದರೆ ಎಲೆಯೇ ತುಂಬಿ ಬಣ್ಣ ಕಡಿಮೆಯಾಗುತ್ತದೆ. ಅದರ ಬಣ್ಣದ ಭಾಗ ದಳವಲ್ಲ, ರೂಪ ಬದಲಿಸಿದ ಎಲೆ. ನಿಜವಾದ ಹೂ ಅದರ ನಡುವಿನ ಪುಟ್ಟ ಕೊಳವೆ. ಮಕ್ಕಳೇ ಬಿಡಿಸಿ ನೋಡಲಿ. ಕಣಗಿಲೆಯನ್ನು ಮಾತ್ರ ದೂರದಿಂದ ತೋರಿಸಿ. ಅದರ ಎಲ್ಲ ಭಾಗವೂ ವಿಷ.

ಇದನ್ನು ತರಗತಿಗೆ ಹೀಗೆ ತರಬಹುದು. ಮೊದಲು ಮಕ್ಕಳು ಮನೆಯಲ್ಲಿ ಕೇಳಿ ಬರಲಿ: ಯಾವ ಹೂಗಿಡ, ಯಾವ ತಿಂಗಳು ಹೂ, ಯಾವಾಗ ಸವರುತ್ತೀರಿ, ನೀರು ಎಷ್ಟು? ಉತ್ತರಗಳನ್ನು ಕರಿಹಲಗೆಯ ಮೇಲೆ ಪಟ್ಟಿ ಮಾಡಿ, ಒಂದಕ್ಕೊಂದು ಹೊಂದದ ಎರಡನ್ನು ಆರಿಸಿ ಚರ್ಚೆಗಿಡಿ. ಅನಂತರ ಪ್ರಯೋಗ. ಒಂದೇ ವಯಸ್ಸಿನ ಆರು ಮಲ್ಲಿಗೆ ಕುಂಡಗಳನ್ನು ನವೆಂಬರ್ ಕೊನೆಯಲ್ಲಿ ಒಂದೇ ದಿನ ಸವರಿ, ಒಂದೇ ಪ್ರಮಾಣದ ಗೊಬ್ಬರ ಹಾಕಿ. ಮೂರಕ್ಕೆ ಮೊದಲಿನಂತೆ ನೀರು, ಇನ್ನು ಮೂರಕ್ಕೆ ಸವರುವ ಹಿಂದಿನ ಎರಡು ವಾರ ನೀರಿಲ್ಲ (ಗಿಡ ತೀರಾ ಬಾಡಿದರೆ ಒಂದು ಲೋಟ ಕೊಡಬಹುದು). ಬದಲಾಗುವ ಅಂಶ ಒಂದೇ ಇರಬೇಕು ಎಂಬುದನ್ನು ಇಲ್ಲಿಯೇ ಕಲಿಸಬಹುದು. ವಾರಕ್ಕೊಮ್ಮೆ ಚಿಗುರು ಎಣಿಸಿ, ಮೊದಲ ಮೊಗ್ಗಿನ ದಿನಾಂಕ ಬರೆಯಲಿ.

ಇಲ್ಲಿ ಒಂದು ತೊಡಕಿದೆ. ನಮ್ಮ ಬೋಧನಾಭ್ಯಾಸ ಕೆಲವೇ ವಾರಗಳದು, ಮಲ್ಲಿಗೆಗೆ ಮೂರು ತಿಂಗಳು ಬೇಕು. ನಾನು ವೀಕ್ಷಣಾ ಪುಸ್ತಕವನ್ನು ತರಗತಿ ಶಿಕ್ಷಕರಿಗೆ ಒಪ್ಪಿಸಿ ಬಂದೆ. ಪ್ರಶಿಕ್ಷಣಾರ್ಥಿಗಳು ಶಾಲೆಗೆ ಹೋದ ಮೊದಲ ದಿನವೇ ಪ್ರಯೋಗ ಆರಂಭಿಸಿ, ದಾಖಲೆಯನ್ನು ಶಾಲೆಯಲ್ಲೇ ಬಿಟ್ಟು ಬಂದರೆ ಪಾಠ ನಮ್ಮೊಂದಿಗೆ ಮುಗಿಯುವುದಿಲ್ಲ.

ಸೋಮವಾರ ತರಗತಿಯ ಮುಂದೆ ಹೇಳಿದೆ: ‘ಶುಕ್ರವಾರ ನಾನು ತಪ್ಪು ಎಂದದ್ದೇ ತಪ್ಪು. ಅವಳು ಹೇಳಿದ್ದನ್ನು ಈಗ ಅವಳೇ ವಿವರಿಸಲಿ.’ ಮೊದಲು ತಲೆ ತಗ್ಗಿಸಿಯೇ ನಿಂತಿದ್ದಳು. ಆಮೇಲೆ ಕತ್ತರಿಸುವ ಎತ್ತರವನ್ನು ತನ್ನ ಮೊಣಕಾಲು ಮುಟ್ಟಿ ತೋರಿಸಿದಳು. ಯುಗಾದಿಗೆ ಮುಂಚೆ ಆ ಶಾಲೆಗೆ ಮತ್ತೆ ಹೋದಾಗ ಪುಸ್ತಕದ ಹತ್ತು ಪುಟ ತುಂಬಿದ್ದವು. ಮೊದಲ ಮೊಗ್ಗಿನ ದಿನಾಂಕ ಅವಳ ಕೈಬರಹದಲ್ಲಿತ್ತು.

ಈಗ ನನ್ನ ಪಾಠಯೋಜನೆಯಲ್ಲಿ ‘ನಿರೀಕ್ಷಿತ ಉತ್ತರ’ದ ಪಕ್ಕದಲ್ಲಿ ಇನ್ನೊಂದು ಅಂಕಣ ಎಳೆದುಕೊಳ್ಳುತ್ತೇನೆ: ‘ನಿರೀಕ್ಷಿಸದ ಉತ್ತರ ಬಂದರೆ ಕೇಳಬೇಕಾದ ಪ್ರಶ್ನೆ’. ಅಲ್ಲಿ ಮೊದಲೇ ಬರೆದಿಟ್ಟುಕೊಳ್ಳುವುದು, ‘ಅದು ನಿನಗೆ ಹೇಗೆ ಗೊತ್ತಾಯಿತು?’