ನಂಜಿಯನ್ನು ಕೇಳಿದ ಜಪಾನಿಯರು: ಆಲಿಸುವ ಕೌಶಲದ ಬಗ್ಗೆ ಒಂದು ಅನುಭವ

ಕ್ಯಾತ್ಸಂದ್ರದಲ್ಲಿ ನಮ್ಮದೊಂದು ಸಣ್ಣ ತಟ್ಟೆ ಇಡ್ಲಿ ಹೋಟೆಲು. ಬಿ.ಎಡ್. ಸೇರುವ ಮೊದಲು ಒಂದು ವರ್ಷ ನಾನು ಪುಸ್ತಕ ಇಟ್ಟುಕೊಂಡು ಜಪಾನಿ ಭಾಷೆ ಕಲಿಯುತ್ತಿದ್ದೆ. ವಸಂತನರಸಾಪುರದಲ್ಲಿ ಜಪಾನಿ ಕಂಪನಿಗಳಿಗೆಂದೇ ಟೌನ್‌ಶಿಪ್ ಬರುತ್ತದೆ, ಭಾಷೆ ಗೊತ್ತಿದ್ದರೆ ಕೆಲಸ ಸಿಗುತ್ತದೆ ಎಂಬ ಮಾತು ಆಗ ನಮ್ಮ ಕಡೆ ಓಡಾಡುತ್ತಿತ್ತು. ಎರಡು ಲಿಪಿ, ಸುಮಾರು ಇನ್ನೂರು ವಾಕ್ಯ ಬಾಯಿಪಾಠವಾಗಿದ್ದವು.

ಒಂದು ಬೆಳಿಗ್ಗೆ ಹೆದ್ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ಜಪಾನಿಯರು ಇಡ್ಲಿ ತಿನ್ನಲು ಇಳಿದರು. ನಾನು ಧೈರ್ಯ ಮಾಡಿ ಅವರ ಭಾಷೆಯಲ್ಲಿ ನಮಸ್ಕಾರ ಹೇಳಿದೆ. ಅವರಿಗೆ ಖುಷಿಯಾಯಿತು. ಹೊರಡುವಾಗ ಗಲ್ಲಾದ ಹತ್ತಿರ ಬಂದು ಏನೋ ಕೇಳಿದರು. ನನ್ನ ಕಿವಿಗೆ ಬಿದ್ದದ್ದು ‘ನಂಜಿಮದೆಯತ್ತೆಮಸ್ಕ’. ನಾನು ಬಾಯಿ ಬಿಟ್ಟುಕೊಂಡು ನಿಂತೆ. ಅಪ್ಪ, ‘ಯಾವ ನಂಜೀನ ಕೇಳ್ತಾವ್ರಮ್ಮಾ?’ ಎಂದರು. ಕೊನೆಗೆ ಅವರ ಡ್ರೈವರ್ ಬಂದು, ‘ಹೋಟ್ಲು ಎಷ್ಟೊತ್ತಿನ್ ತನಕ ತೆಗ್ದಿರುತ್ತೆ ಅಂತ ಕೇಳ್ತಿದಾರೆ’ ಎಂದ.

ರಾತ್ರಿ ಪುಸ್ತಕ ತೆಗೆದು ನೋಡಿದೆ. ‘ನಂಜಿ’ ಎಂದರೆ ಎಷ್ಟು ಗಂಟೆ, ‘ಮದೆ’ ಎಂದರೆ ತನಕ, ‘ಯತ್ತೆ ಇಮಸು’ ಎಂದರೆ ನಡೆಸುತ್ತಿದ್ದೀರಿ, ‘ಕ’ ಪ್ರಶ್ನೆಯ ಗುರುತು. ನಾಲ್ಕೂ ನನಗೆ ಗೊತ್ತಿದ್ದವೇ. ಓದಲು, ಬರೆಯಲು ಬರುತ್ತಿದ್ದ ವಾಕ್ಯ ಕಿವಿಗೆ ಮಾತ್ರ ಬಂದಿರಲಿಲ್ಲ. ಆಲಿಸು, ಮಾತನಾಡು, ಓದು, ಬರೆ ಎಂಬ ‘ಆಮಾಓಬ’ ಕ್ರಮವನ್ನು ನಾನು ಹಿಂದಿನಿಂದ ಮುಂದಕ್ಕೆ ಕಲಿತಿದ್ದೆ.

ಕಿವಿ ತಪ್ಪಿದ್ದು ಎಲ್ಲಿ?

ಮೊದಲನೆಯದು, ಆಡುಮಾತಿನಲ್ಲಿ ಉದುರಿಹೋಗುವ ಭಾಗ. ಪುಸ್ತಕದ ‘ಯತ್ತೆ ಇಮಸು’ ಬಾಯಲ್ಲಿ ‘ಯತ್ತೆಮಸ್’ ಆಗುತ್ತದೆ. ನಾವೂ ‘ಮಾಡುತ್ತಿದ್ದೇನೆ’ ಎಂದು ಬರೆದು ‘ಮಾಡ್ತಿದೀನಿ’ ಎನ್ನುತ್ತೇವಲ್ಲ, ಹಾಗೆಯೇ.

ಎರಡನೆಯದು, ಕೇಳಿಸದ ಸ್ವರ. ಕ, ಸ, ತ, ಹ ಮೊದಲಾದ ಅಘೋಷ ವ್ಯಂಜನಗಳ ನಡುವೆ, ಅಥವಾ ಅವುಗಳ ನಂತರ ಮಾತಿನ ಕೊನೆಯಲ್ಲಿ, ‘ಇ’ ಮತ್ತು ‘ಉ’ ಬಹುಮಟ್ಟಿಗೆ ಉಸಿರಾಗಿಬಿಡುತ್ತವೆ. ಬರೆಯುವುದು ‘ದೆಸು’, ಕೇಳಿಸುವುದು ‘ದೆಸ್’. ಬರೆಯುವುದು ‘ಸುಕಿ’, ಕೇಳಿಸುವುದು ‘ಸ್ಕಿ’. ಬಸ್ ಎಂಬುದನ್ನು ‘ಬಸ್ಸು’ ಮಾಡಿಕೊಂಡ ನಮ್ಮ ಬಾಯಿ ಈ ‘ಉ’ವನ್ನು ತುಂಬಿ ಉಚ್ಚರಿಸುತ್ತದೆ. ಹಾಗಾಗಿ ಕಿವಿಯೂ ಅದನ್ನೇ ಹುಡುಕುತ್ತದೆ.

ಮೂರನೆಯದು, ದನಿಯ ಏರಿಳಿತ. ತೋಕ್ಯೋ ಕಡೆಯ ಮಾತಿನಲ್ಲಿ ‘ಹಶಿ’ಯ ಮೊದಲ ಅಕ್ಷರ ಎತ್ತರಿಸಿದರೆ ಊಟದ ಕಡ್ಡಿ, ಎರಡನೆಯದನ್ನು ಎತ್ತರಿಸಿದರೆ ಸೇತುವೆ. ಸಾಮಾನ್ಯ ಬರವಣಿಗೆಯಲ್ಲಿ ಈ ಏರಿಳಿತಕ್ಕೆ ಗುರುತಿಲ್ಲ. ಅದು ಆ ಭಾಷೆಯವರ ಬಾಯಿಂದಲೇ ಕಿವಿಗೆ ಬರಬೇಕು.

ನಮ್ಮ ಕಿವಿಗಿರುವ ಅನುಕೂಲ

ಒಂದು ವಿಷಯದಲ್ಲಿ ಮಾತ್ರ ಕನ್ನಡದವರು ಮುಂದಿದ್ದೇವೆ. ಜಪಾನಿ ಮಾತು ನಡೆಯುವುದು ನಮ್ಮ ಛಂದಸ್ಸಿನ ಮಾತ್ರೆಯಂಥ ಕಾಲದ ಅಳತೆಯಲ್ಲಿ. ‘ಕಿತೆ’ ಎಂದರೆ ಬಾ, ‘ಕಿತ್ತೆ’ ಎಂದರೆ ಅಂಚೆಚೀಟಿ. ಪ್ರಸ್ತಾರ ಹಾಕಿದರೆ ಮೊದಲನೆಯದು 2 ಮಾತ್ರೆ, ಎರಡನೆಯದು 3. ಅವರ ಎಣಿಕೆಯೂ ಅದೇ. ‘ಒಬಸನ್’ ಅತ್ತೆ ಅಥವಾ ಚಿಕ್ಕಮ್ಮ, 4 ಮಾತ್ರೆ. ‘ಒಬಾಸನ್’ ಅಜ್ಜಿ, 5 ಮಾತ್ರೆ. ಹಾಯ್ಕುವಿನ 5-7-5 ಎಣಿಕೆ ನಡೆಯುವುದೂ ಇದೇ ಅಳತೆಯಲ್ಲಿ. ಹ್ರಸ್ವ, ದೀರ್ಘ, ಒತ್ತಕ್ಷರಗಳ ವ್ಯತ್ಯಾಸ ಇಂಗ್ಲಿಷ್ ಮನೆಮಾತಿನವರಿಗೆ ಕಷ್ಟ. ನಮಗೆ ಅದು ಹುಟ್ಟಿನಿಂದ ಬಂದದ್ದು. ಕಲಿಯುವವರ ಮನೆಮಾತು ಅಡ್ಡಿ ಮಾತ್ರವಲ್ಲ, ಆಸರೆಯೂ ಹೌದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ನಾನು ಅನುಸರಿಸಿದ ಕ್ರಮ

ಮೊದಲು ಒಂದು ತಿಂಗಳು ಹಿಟ್ಟು ರುಬ್ಬುವಾಗ, ಪಾತ್ರೆ ತೊಳೆಯುವಾಗ ಮೊಬೈಲಿನಲ್ಲಿ ಜಪಾನಿ ಮಾತು ಹಾಕಿಕೊಂಡಿದ್ದೆ. ಅದರಿಂದ ಏನೂ ಆಗಲಿಲ್ಲ. ಮಾತು ಗ್ರೈಂಡರಿನ ಸದ್ದಿನ ಜೊತೆ ಇನ್ನೊಂದು ಸದ್ದಾಯಿತು, ಅಷ್ಟೆ. ಆಮೇಲೆ ಕ್ರಮ ಬದಲಿಸಿದೆ.

1. ಇಬ್ಬರು ಸಹಜವಾಗಿ ಮಾತನಾಡುವ 20 ಸೆಕೆಂಡಿನ ತುಣುಕು ಆರಿಸುವುದು. ಅದರ ಬರಹರೂಪವೂ ಸಿಗುವಂತಿರಬೇಕು. ಎನ್‌ಎಚ್‌ಕೆ ವರ್ಲ್ಡ್‌ನ ಜಪಾನಿ ಪಾಠಗಳಿಂದ ಶುರುಮಾಡಿ, ನಿಧಾನವಾಗಿ ಮನೆಮಂದಿಯ ಮಾತುಕತೆಗೆ ಹೋದೆ.
2. ಬರಹ ನೋಡದೆ ಮೂರು ಸಲ ಕೇಳುವುದು. ಅರ್ಥವಾಗದಿದ್ದರೂ ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೆ ಕನ್ನಡ ಲಿಪಿಯಲ್ಲಿ ಬರೆಯುವುದು.
3. ಬರಹದೊಂದಿಗೆ ಹೋಲಿಸಿ, ಉದುರಿದ ಮತ್ತು ಬದಲಾದ ಭಾಗಕ್ಕೆ ಕೆಂಪು ಗೆರೆ ಹಾಕುವುದು.
4. ಮಾತನಾಡುವವರ ಬೆನ್ನಿಗೇ, ಅವರ ಏರಿಳಿತದಲ್ಲೇ ಹೇಳುವುದು. ನಮ್ಮ ದನಿಯನ್ನು ಧ್ವನಿಮುದ್ರಿಸಿ ಕೇಳುವುದು.
5. ಮರುದಿನ ಬರಹವಿಲ್ಲದೆ ಮತ್ತೊಮ್ಮೆ ಕೇಳುವುದು.

ತುಣುಕು ಚಿಕ್ಕದಿದ್ದರೆ ತಪ್ಪಿದ ಜಾಗ ಕೈಗೆ ಸಿಗುತ್ತದೆ. ಅರ್ಧ ಗಂಟೆ ಕೇಳಿದರೆ ‘ಅರ್ಥವಾಗಲಿಲ್ಲ’ ಎಂಬುದಷ್ಟೇ ಉಳಿಯುತ್ತದೆ.

ಆದರೆ ಮೊಬೈಲಿಗೆ ಮಿತಿಯಿದೆ. ಪೆಟ್ರೀಷಿಯಾ ಕುಲ್ ಮತ್ತು ಸಂಗಡಿಗರು 2003 ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 9 ತಿಂಗಳ ಅಮೆರಿಕನ್ ಶಿಶುಗಳು ಎದುರಿಗೆ ಕುಳಿತವರಿಂದ 12 ಅವಧಿ ಚೀನೀ ಮಾತು ಕೇಳಿ ಅದರ ಧ್ವನಿಭೇದಗಳನ್ನು ಗುರುತಿಸಿದವು. ಅದನ್ನೇ ವಿಡಿಯೋದಲ್ಲಿ ನೋಡಿದ ಶಿಶುಗಳು ಗುರುತಿಸಲಿಲ್ಲ. ವಯಸ್ಕರ ಕಲಿಕೆ ಶಿಶುಗಳದ್ದರಂತಲ್ಲ. ಆದರೂ ಎದುರಿನ ಮನುಷ್ಯ ಏನು ಸೇರಿಸುತ್ತಾನೆ ಎಂಬುದು ನನಗೆ ಹೋಟೆಲಿನಲ್ಲೇ ಗೊತ್ತಾಯಿತು. ಜಪಾನಿಯರು ಕೇಳುತ್ತಾ ಸುಮ್ಮನಿರುವುದಿಲ್ಲ. ಪ್ರತಿ ಮಾತಿಗೂ ‘ಹಾಯ್’, ‘ಸೋ ದೆಸ್ ನೆ’ ಎನ್ನುತ್ತಿರುತ್ತಾರೆ. ಅಜ್ಜಿ ಕಥೆ ಹೇಳುವಾಗ ನಾವು ಹೂಂಗುಟ್ಟುತ್ತಿದ್ದೆವಲ್ಲ, ಅದೇ. ಹೂಂಗುಟ್ಟದಿದ್ದರೆ ಅಜ್ಜಿ ಕಥೆ ನಿಲ್ಲಿಸುತ್ತಿದ್ದಳು. ಎಂಟು ತಿಂಗಳ ನಂತರ ಇನ್ನೊಬ್ಬರು ಅದೇ ‘ನಂಜಿ’ ಪ್ರಶ್ನೆ ಕೇಳಿದಾಗ ಹನ್ನೊಂದರ ತನಕ ಎಂದು ಉತ್ತರಿಸಿ, ಅವರ ಮುಂದಿನ ಮಾತಿಗೆ ಹೂಂಗುಟ್ಟಿದೆ. ಅವರು ಐದು ನಿಮಿಷ ಮಾತನಾಡಿದರು.

ತರಗತಿಯಲ್ಲಿ

ಅಭ್ಯಾಸ ಬೋಧನೆಗೆ ಹೋದ ಶಾಲೆಯ ಆರನೇ ತರಗತಿಯಲ್ಲಿ ಬಿಹಾರದಿಂದ ಬಂದ ಕಟ್ಟಡ ಕೆಲಸದವರ ಮಗಳೊಬ್ಬಳಿದ್ದಳು. ಶೆಡ್ಡಿನಲ್ಲಿ ಎಲ್ಲರದೂ ಹಿಂದಿಯೇ. ಕನ್ನಡ ಅಕ್ಷರ ದುಂಡಗೆ ಬರೆಯುತ್ತಿದ್ದಳು, ಪಾಠವನ್ನು ತಡವರಿಸದೆ ಓದುತ್ತಿದ್ದಳು. ನಾನು ಏನಾದರೂ ಹೇಳಿದರೆ ಮಾತ್ರ ಪಕ್ಕದವಳ ಮುಖ ನೋಡುತ್ತಿದ್ದಳು. ಮೊದಲ ವಾರದ ವೀಕ್ಷಣಾ ಪುಸ್ತಕದಲ್ಲಿ ನಾನು ಬರೆದದ್ದು: ‘ಗಮನ ಕೊಡುವುದಿಲ್ಲ.’

ಎರಡನೆಯ ವಾರ ‘ಏನ್ಮಾಡ್ತಿದೀರ ಎಲ್ರೂ?’ ಎಂದು ಕೇಳಿದಾಗ ಅವಳ ಮುಖ ನೋಡಿದೆ. ಗಲ್ಲಾದ ಮುಂದೆ ನಿಂತಿದ್ದ ನನ್ನ ಮುಖ ನೆನಪಾಯಿತು. ಏನು ಕೇಳಿಸಿತು ಎಂದು ಬರೆಯಲು ಹೇಳಿದೆ. ‘ಎನ್ಮಾಡ್ತಿದಿರೆಲ್ರು’ ಎಂದು ಒಂದೇ ಪದವಾಗಿ ಬರೆದಳು. ಅದರ ಕೆಳಗೆ ‘ಏನು ಮಾಡುತ್ತಿದ್ದೀರಿ ಎಲ್ಲರೂ’ ಎಂದು ಬರೆದು ತೋರಿಸಿದೆ. ‘ಅಚ್ಛಾ!’ ಎಂದಳು.

ತರಗತಿ ಶಿಕ್ಷಕರ ಒಪ್ಪಿಗೆ ಪಡೆದು, ಇಬ್ಬರು ಮಕ್ಕಳು ಬೆಳಗಿನ ತಿಂಡಿಯ ಬಗ್ಗೆ ಆಡಿದ ಮಾತನ್ನು 20 ಸೆಕೆಂಡು ಧ್ವನಿಮುದ್ರಿಸಿದೆ. ಇಡೀ ತರಗತಿಗೆ ಅದೇ ಐದು ಹಂತ ಮಾಡಿಸಿದೆ. ತಾವು ಬರೆಯುವುದು ಒಂದು, ಆಡುವುದು ಇನ್ನೊಂದು ಎಂದು ಕನ್ನಡದ ಮಕ್ಕಳೂ ಕಂಡುಕೊಂಡು ನಕ್ಕರು. ನಾಲ್ಕು ವಾರದಲ್ಲಿ ಅವಳು ಎಲ್ಲವನ್ನೂ ಕಲಿತುಬಿಟ್ಟಳು ಎಂದು ಹೇಳಲಾರೆ. ಪಕ್ಕದವಳ ಮುಖ ನೋಡುವುದು ಕಡಿಮೆಯಾಯಿತು.

ಕೊನೆಯ ಪಾಠದ ದಿನ ನಾನು ಕರಿಹಲಗೆ ಒರೆಸಲು ಹೋದಾಗ, ‘ಮಿಸ್, ಒಸಿ ತಡೀರಿ, ಬರೀತಿದೀನಿ’ ಎಂದಳು. ಹಿಂದೆ ಕುಳಿತಿದ್ದ ಮಾರ್ಗದರ್ಶಕ ಉಪನ್ಯಾಸಕರು ಆಮೇಲೆ, ‘ಆ ಒಸಿಯನ್ನು ತಿದ್ದಲಿಲ್ಲವೇಕೆ?’ ಎಂದು ಕೇಳಿದರು. ಅದು ಅವಳು ಪುಸ್ತಕದಿಂದಲ್ಲ, ನಮ್ಮ ಊರಿನವರ ಬಾಯಿಂದ ಕಲಿತ ಪದ ಎಂದೆ. ಬರೆಯುವಾಗ ‘ಸ್ವಲ್ಪ’ ಎಂದು ಬರೆಯಬೇಕೆಂದು ಮುಂದಿನ ಹಂತದಲ್ಲಿ ಕಲಿಸಬಹುದು. ಅಂದು ತಿದ್ದಿದ್ದು ವೀಕ್ಷಣಾ ಪುಸ್ತಕದಲ್ಲಿ ನಾನು ಬರೆದಿದ್ದ ಸಾಲನ್ನು ಮಾತ್ರ. ‘ಗಮನ ಕೊಡುವುದಿಲ್ಲ’ ಎಂಬುದನ್ನು ಹೊಡೆದು, ‘ಗಮನ ಕೊಡುತ್ತಿದ್ದಳು, ನಮ್ಮ ಆಡುಮಾತು ಅವಳಿಗೆ ಬಿಡಿಬಿಡಿಯಾಗಿ ಕೇಳಿಸುತ್ತಿರಲಿಲ್ಲ’ ಎಂದು ಬರೆದೆ.