ಪಾಸ್ತಾಕ್ಕೆ ಟೊಮೆಟೊ ಸಿಕ್ಕಿದ್ದು ತಡವಾಗಿ

ಇಟಲಿಯ ಮನೆಗಳಲ್ಲಿ ಹಸಿದು ಬಂದವರಿಗೆ ಬೇಗ ಏನಾದರೂ ಬಡಿಸಬೇಕೆಂದರೆ ಮೊದಲು ಒಲೆಯ ಮೇಲೆ ನೀರಿಡುತ್ತಾರೆ. ಸ್ಪಗೆಟಿ ಬೇಯುವಷ್ಟರಲ್ಲಿ ಪಕ್ಕದ ಬಾಣಲೆಯಲ್ಲಿ ಆಲಿವ್ ಎಣ್ಣೆ, ಬೆಳ್ಳುಳ್ಳಿ, ಟೊಮೆಟೊ, ನಾಲ್ಕಾರು ಬೆಸಿಲ್ ಎಲೆ ಸೇರಿ ಸಾಸ್ ತಯಾರಾಗಿರುತ್ತದೆ. 'ಸ್ಪಗೆಟಿ ಅಲ್ ಪೊಮೊದೊರೊ' ಎಂದರೆ ಇಷ್ಟೇ. ಇಷ್ಟು ಸರಳವಾದದ್ದು ರೋಮನ್ನರ ಕಾಲದಿಂದಲೂ ಇದ್ದಿರಬೇಕು ಅನ್ನಿಸುವುದು ಸಹಜ. ಆದರೆ ಪಾಸ್ತಾ, ಟೊಮೆಟೊ ಎರಡೂ ಒಂದೇ ತಟ್ಟೆಗೆ ಬಂದು ಇನ್ನೂರು ವರ್ಷಕ್ಕೆ ತುಸು ಹೆಚ್ಚಾಗಿದೆ, ಅಷ್ಟೇ.

ಎರಡರಲ್ಲಿ ಪಾಸ್ತಾವೇ ಹಿರಿಯದು. ಮಾರ್ಕೊ ಪೋಲೊ ಅದನ್ನು ಚೀನಾದಿಂದ ತಂದನೆಂಬ ಕತೆಯನ್ನು ಈಗಲೂ ಹೇಳುವವರಿದ್ದಾರೆ. ಅವನು ವೆನಿಸ್‌ಗೆ ಮರಳಿದ್ದು 1295ರಲ್ಲಿ. ಅದಕ್ಕೂ ನೂರ ನಲವತ್ತು ವರ್ಷ ಮೊದಲೇ, 1154ರಲ್ಲಿ, ಸಿಸಿಲಿಯ ರಾಜನ ಆಶ್ರಯದಲ್ಲಿದ್ದ ಅರಬ್ ಭೂಗೋಳಜ್ಞ ಅಲ್-ಇದ್ರಿಸಿ ಪಲೆರ್ಮೊ ಬಳಿಯ ತ್ರಾಬಿಯಾ ಎಂಬ ಊರಿನ ಬಗ್ಗೆ ಬರೆದಿದ್ದಾನೆ. ಅಲ್ಲಿ ಒಣ ಪಾಸ್ತಾ ಹೇರಳವಾಗಿ ತಯಾರಾಗಿ ಹಡಗು ಹಡಗಾಗಿ ಹೊರನಾಡುಗಳಿಗೆ ಹೋಗುತ್ತಿತ್ತಂತೆ. ಇಷ್ಟು ಸ್ಪಷ್ಟ ದಾಖಲೆ ಇರುವಾಗ ಮಾರ್ಕೊ ಪೋಲೊನ ಕತೆಯನ್ನು ಇನ್ನಾದರೂ ಬಿಡಬೇಕು.

ಆ ಕಾಲದ ಪಾಸ್ತಾದ ರುಚಿಯೇ ಬೇರೆ. 15ನೇ ಶತಮಾನದ ಹೆಸರಾಂತ ಬಾಣಸಿಗ ಮಾಯೆಸ್ತ್ರೊ ಮಾರ್ತಿನೊ ಸಿಸಿಲಿಯ ಮ್ಯಾಕರೋನಿಯನ್ನು ಎರಡು ಗಂಟೆ ಬೇಯಿಸಬೇಕೆಂದು ಬರೆದ. ಮೇಲೆ ತುರಿದ ಚೀಸ್ ಮತ್ತು ಬೆಣ್ಣೆ. ಶ್ರೀಮಂತರ ಮನೆಗಳಲ್ಲಿ ಸಕ್ಕರೆ, ದಾಲ್ಚಿನ್ನಿಯೂ ಬೀಳುತ್ತಿತ್ತು. ಹಲ್ಲಿಗೆ ತುಸು ಸಿಗುವಂತೆ ಬೇಯಿಸುವ ಪದ್ಧತಿ ಎಷ್ಟೋ ಕಾಲದ ನಂತರದ್ದು.

ಟೊಮೆಟೊ ಅಮೆರಿಕ ಖಂಡದಿಂದ ಸ್ಪೇನ್ ಮೂಲಕ ಇಟಲಿಗೆ ಬಂತು. 1548ರ ಅಕ್ಟೋಬರ್ ಕೊನೆಯ ದಿನ ಪೀಸಾದಲ್ಲಿದ್ದ ಫ್ಲಾರೆನ್ಸ್‌ನ ಡ್ಯೂಕ್ ಕೊಸಿಮೊ ದೆ ಮೆದಿಚಿಗೆ ಅವನ ತೋಟದಿಂದ ಒಂದು ಬುಟ್ಟಿ ಟೊಮೆಟೊ ತಲುಪಿದ್ದು ಪತ್ರದಲ್ಲಿ ದಾಖಲಾಗಿದೆ. ಅದನ್ನು ತಿಂದರೆಂದೇನೂ ಅಲ್ಲಿ ಇಲ್ಲ. ಬದನೆಯ ಕುಲದ ಈ ಹಣ್ಣನ್ನು ಜನ ಬಹುಕಾಲ ಅನುಮಾನದಿಂದಲೇ ನೋಡಿದರು, ತೋಟದ ಅಂದಕ್ಕೆ ಬೆಳೆಸಿದರು. 17ನೇ ಶತಮಾನದ ಕೊನೆಗೆ ನೇಪಲ್ಸ್‌ನಲ್ಲಿ ಆಂತೋನಿಯೊ ಲತೀನಿ ತನ್ನ ಪುಸ್ತಕದಲ್ಲಿ ಟೊಮೆಟೊ ಸಾಸ್ ಬರೆದ: ಸುಟ್ಟು ಸಿಪ್ಪೆ ಸುಲಿದ ಟೊಮೆಟೊ, ಈರುಳ್ಳಿ, ಮೆಣಸಿನಕಾಯಿ, ಉಪ್ಪು, ಎಣ್ಣೆ, ವಿನೆಗರ್. ಓದಿದರೆ ನಮ್ಮ ಸುಟ್ಟ ಟೊಮೆಟೊ ಗೊಜ್ಜೇ ಕಣ್ಣ ಮುಂದೆ ಬರುತ್ತದೆ. ಅದೂ ಬೇಯಿಸಿದ ಮಾಂಸದಂಥವುಗಳ ಜೊತೆಗೆ, ಪಾಸ್ತಾದ ಮಾತು ಅಲ್ಲಿಲ್ಲ. 1790ರಲ್ಲಿ ಫ್ರಾನ್ಚೆಸ್ಕೊ ಲಿಯೊನಾರ್ದಿಯ ಪುಸ್ತಕದಲ್ಲಿ ಎರಡೂ ಒಂದಾದವು. 1839ರಲ್ಲಿ ಇಪ್ಪೊಲಿತೊ ಕವಲ್ಕಾಂತಿ ಮನೆ ಅಡುಗೆಯನ್ನು ನೇಪಲ್ಸ್‌ನ ಆಡುನುಡಿಯಲ್ಲೇ ಬರೆದಾಗ ಅದರಲ್ಲಿ ಟೊಮೆಟೊ ಹಾಕಿದ ಶಾವಿಗೆಯೂ ಇತ್ತು.

ಈ ಜೋಡಿ ನೇಪಲ್ಸ್‌ನಲ್ಲೇ ಕುದುರಿದ್ದಕ್ಕೆ ಕಾರಣವಿದೆ. ಅಲ್ಲಿಯ ಜನರನ್ನು ಒಂದು ಕಾಲದಲ್ಲಿ ಸೊಪ್ಪು ತಿನ್ನುವವರು ಎಂದೇ ಕರೆಯುತ್ತಿದ್ದರು. 17ನೇ ಶತಮಾನದಲ್ಲಿ ಜನಸಂಖ್ಯೆ ಏರಿತು, ಮಾಂಸ ಬಡವರ ಕೈಗೆಟುಕದಾಯಿತು. ಅದೇ ಹೊತ್ತಿಗೆ ಹಿಟ್ಟು ನಾದುವ ಸಾಧನ, ತಿರುಪಿನ ಒತ್ತುಯಂತ್ರಗಳು ಬಂದು ಪಾಸ್ತಾ ಅಗ್ಗವಾಯಿತು. ಬೀದಿಬದಿಯ ಕಡಾಯಿಗಳಲ್ಲಿ ಬೆಂದ ಮ್ಯಾಕರೋನಿಯನ್ನು ಚೀಸ್ ಉದುರಿಸಿಕೊಂಡು ಜನ ಕೈಯಲ್ಲೇ ಎತ್ತಿ ತಿನ್ನುತ್ತಿದ್ದರು.

ನೇಪಲ್ಸ್‌ಗೆ ಹತ್ತಿರದ ಗ್ರಾನ್ಯಾನೊ ಎಂಬ ಊರನ್ನು ಇಲ್ಲಿ ನೆನೆಯಲೇಬೇಕು. ಒಂದು ಕಡೆ ಬೆಟ್ಟದ ತೊರೆಗಳಿಂದ ತಿರುಗುವ ಹಿಟ್ಟಿನ ಗಿರಣಿಗಳು, ಇನ್ನೊಂದು ಕಡೆ ಸಮುದ್ರದ ಗಾಳಿ. ಬಿದಿರಿನಂಥ ಗಳಗಳ ಮೇಲೆ ಉದ್ದುದ್ದ ಎಳೆಗಳನ್ನು ಮಡಿಸಿ ನೇತುಹಾಕಿ ಬೀದಿಯುದ್ದಕ್ಕೂ ಒಣಗಿಸುತ್ತಿದ್ದರು. ಮೊದಲು ಬಿಸಿಲು ಗಾಳಿಗೆ ಮೇಲ್ಮೈ ಗಟ್ಟಿಯಾಗಬೇಕು. ಆಮೇಲೆ ತಂಪಾದ ನೆಲಮಾಳಿಗೆಗೆ ಒಯ್ದರೆ ಒಳಗಿನ ತೇವ ನಿಧಾನವಾಗಿ ಹೊರಪದರಕ್ಕೆ ಹರಡಿ ಎಳೆ ಮತ್ತೆ ಮೆತ್ತಗಾಗುತ್ತದೆ. ಮೂರನೆಯ ಹಂತದಲ್ಲಿ ಮತ್ತೆ ಗಾಳಿಗೆ. ಆತುರಪಟ್ಟರೆ ಎಳೆ ಸೀಳುತ್ತದೆ, ತಡಮಾಡಿದರೆ ಹುಳಿ ಹಿಡಿಯುತ್ತದೆ. ಗಾಳಿಯ ದಿಕ್ಕು ನೋಡಿ ಇವನ್ನೆಲ್ಲ ನಿರ್ಧರಿಸುತ್ತಿದ್ದ ಕುಶಲಕರ್ಮಿಗಳ ಹೆಸರು ಯಾವ ಅಡುಗೆ ಪುಸ್ತಕದಲ್ಲೂ ಇಲ್ಲ. ನನ್ನ ಮಟ್ಟಿಗೆ ಈ ಖಾದ್ಯದ ನಿಜವಾದ ಬಾಣಸಿಗರು ಅವರೇ. ಅವರು ದಿನಗಟ್ಟಲೆ ಕಾದದ್ದರಿಂದ ನಾವಿಂದು ಹತ್ತು ನಿಮಿಷದಲ್ಲಿ ಉಣ್ಣುತ್ತೇವೆ.

ಟೊಮೆಟೊದ ಕೆಲಸವನ್ನು ಹಗುರ ಮಾಡಿದ್ದು ಡಬ್ಬಿ. 1856ರಲ್ಲಿ ಟ್ಯೂರಿನ್‌ನಲ್ಲಿ ಬಟಾಣಿಯನ್ನು ಡಬ್ಬಿಗೆ ತುಂಬಿ ಉದ್ಯಮ ಆರಂಭಿಸಿದ ಫ್ರಾನ್ಚೆಸ್ಕೊ ಚಿರಿಯೊನ ಹೆಸರು ಮುಂದೆ ಡಬ್ಬಿ ಟೊಮೆಟೊದ ಜೊತೆಗೇ ಬೆಸೆದುಕೊಂಡಿತು. ವೆಸೂವಿಯಸ್ ಸುತ್ತಲಿನ ಜ್ವಾಲಾಮುಖಿ ಮಣ್ಣಿನ ಉದ್ದನೆಯ ಸಾನ್ ಮಾರ್ಜಾನೊ ಹಣ್ಣು ಚಳಿಗಾಲದಲ್ಲೂ ಅಡುಗೆಮನೆಗೆ ಸಿಗುವಂತಾಯಿತು.

ನಮ್ಮಲ್ಲಿ ಮಾಡುವವರಿಗೆ ಒಂದೆರಡು ಮಾತು. ಪೊಟ್ಟಣದ ಮೇಲೆ ಡ್ಯುರಮ್ ಗೋಧಿ ರವೆ ಎಂದಿದೆಯೇ ನೋಡಿ ಕೊಳ್ಳಿ. ಉಪ್ಪಿಟ್ಟಿಗೆ ಬಳಸುವ ಬನ್ಸಿ ರವೆಯೂ ಇದೇ ಜಾತಿಯ ಗಟ್ಟಿ ಗೋಧಿಯದು, ಹಾಗಾಗಿ ಅದರ ಗುಣ ನಮಗೆ ಹೊಸದಲ್ಲ. ಮೈದಾದ ಪಾಸ್ತಾ ಬೇಗ ಮುದ್ದೆಯಾಗುತ್ತದೆ. ಇಬ್ಬರಿಗೆ 200 ಗ್ರಾಂ ಸ್ಪಗೆಟಿ, 2 ಲೀಟರ್ ನೀರು, ಸುಮಾರು 20 ಗ್ರಾಂ ಉಪ್ಪು. ಚೆನ್ನಾಗಿ ಮಾಗಿದ ಟೊಮೆಟೊ 400 ಗ್ರಾಂ. ಜಜ್ಜಿದ ಎರಡು ಎಸಳು ಬೆಳ್ಳುಳ್ಳಿ ಎಣ್ಣೆಯಲ್ಲಿ ಹೊಂಬಣ್ಣಕ್ಕೆ ತಿರುಗುವ ಮುನ್ನವೇ ಟೊಮೆಟೊ ಹಾಕಿ. ನಾಟಿ ಹಣ್ಣು ತುಂಬ ಹುಳಿಯಿದ್ದರೆ ಚಿಟಿಕೆ ಸಕ್ಕರೆ ಸಾಕು. ಪೊಟ್ಟಣದಲ್ಲಿ ಹೇಳಿದ್ದಕ್ಕಿಂತ ಎರಡು ನಿಮಿಷ ಮೊದಲೇ ಸ್ಪಗೆಟಿಯನ್ನು ತೆಗೆದು ಸಾಸ್‌ಗೆ ಸೇರಿಸಿ, ಬೇಯಿಸಿದ ನೀರನ್ನು ಸೌಟಿನಷ್ಟು ಸುರಿದು ದೊಡ್ಡ ಉರಿಯಲ್ಲಿ ತಿರುಗಿಸಿ. ನೀರಿನಲ್ಲಿರುವ ಪಿಷ್ಟ, ಎಣ್ಣೆ, ಟೊಮೆಟೊ ರಸ ಮೂರೂ ಬೆರೆತು ಎಳೆಗೆ ಅಂಟಿಕೊಳ್ಳುವ ಹೊಳಪಿನ ಸಾಸ್ ಆಗುತ್ತದೆ. ಅದಕ್ಕೇ ಆ ನೀರನ್ನು ಚೆಲ್ಲಬಾರದು. ಬೆಸಿಲ್ ಕೊನೆಗೆ.

ಕ್ರೀಮ್, ಕೆಚಪ್, ಮಸಾಲೆ ಪುಡಿ ಯಾವುದನ್ನೂ ಹಾಕದೆ ಮೊದಲ ಸಲ ಹೀಗೇ ಮಾಡಿ ನೋಡಿ. ಬಿಸಿ ಆರುವ ಮುನ್ನ ಉಣ್ಣಿ.